ಮೊಲದ ಕರಡಿಗೆಯ ತಳದಲ್ಲಿ ಚಿನ್ನದ ಲಂಗರು

ಪ್ರಶ್ನೆ: ನಾನು ಮೈಸೂರಿನವಳು, ಉದ್ಯೋಗದ ನಿಮಿತ್ತ ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿದ್ದೇನೆ. ಇಲ್ಲಿನ ಹಳೆಯ ವಸ್ತುಗಳ ಸಂತೆಯೊಂದರಲ್ಲಿ ಮೊಲದ ಆಕಾರದ ಪಿಂಗಾಣಿ ಕರಡಿಗೆಯೊಂದನ್ನು ಕೊಂಡೆ. ಮುದುರಿ ಕುಳಿತು ಎಲೆ ಕಚ್ಚುತ್ತಿರುವ ಮೊಲ. ಬೆನ್ನಿನ ಭಾಗವೇ ಮುಚ್ಚಳ. ಉದ್ದ ಸುಮಾರು 14 ಸೆಂಟಿಮೀಟರ್. ತಳದಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಾದ ಚಿನ್ನದ ಬಣ್ಣದ ಲಂಗರಿನ ಗುರುತಿದೆ. ಮಾರಿದವರು ಇದನ್ನು ಹದಿನೆಂಟನೆಯ ಶತಮಾನದ ಚೆಲ್ಸಿ ಪಿಂಗಾಣಿ ಎಂದರು. ಒಳಗಿನ ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿದ್ದು, ಅಲ್ಲಿ ಒಡೆದ ಗಾಜಿನಂತೆ ಹೊಳೆಯುತ್ತದೆ. ಇದು ನಿಜವಾಗಿ ಚೆಲ್ಸಿಯದೇ? ಇಂಥ ಪ್ರಾಣಿ ಕರಡಿಗೆಗಳನ್ನು ಸಂಗ್ರಹಿಸಬೇಕೆಂಬ ಆಸೆ ಹುಟ್ಟಿದೆ; ಎಲ್ಲಿಂದ ಆರಂಭಿಸಬೇಕು? ಹಬ್ಬದ ದಿನ ಇದರಲ್ಲಿ ಏಲಕ್ಕಿ, ಕಲ್ಲುಸಕ್ಕರೆ ಇಟ್ಟು ಅತಿಥಿಗಳಿಗೆ ಕೊಡಬಹುದೇ? ಮುಂದೆ ಮೈಸೂರಿಗೆ ಹಿಂತಿರುಗುವಾಗ ತರಲು ಅಡ್ಡಿಯಿದೆಯೇ?

ಉತ್ತರ: ನೀವು ವಿವರಿಸಿರುವ ಮೊಲ ಚೆಲ್ಸಿಯದಲ್ಲ. ವಸ್ತುವನ್ನು ಕೈಯಲ್ಲಿ ಹಿಡಿಯದೆ ಇಷ್ಟು ಖಚಿತವಾಗಿ ಹೇಳುವುದು ನನ್ನ ರೂಢಿಯಲ್ಲ. ಆದರೆ ಗಾತ್ರ, ಲಂಗರಿನ ಬಣ್ಣ ಮತ್ತು ಚಕ್ಕೆ ಎದ್ದ ಜಾಗದ ಹೊಳಪು, ಈ ಮೂರನ್ನೂ ನೀವು ಎಷ್ಟು ಸರಿಯಾಗಿ ಗಮನಿಸಿ ಬರೆದಿದ್ದೀರೆಂದರೆ, ಮೂರೂ ಒಂದೇ ದಿಕ್ಕಿಗೆ ಕೈತೋರುತ್ತಿವೆ. ಪ್ರಾಣಿ ಕರಡಿಗೆಯ ವಿಷಯದಲ್ಲಿ ಕೊಳ್ಳುವವರ ಕಣ್ಣು ಸಹಜವಾಗಿ ಪ್ರಾಣಿಯ ಮುಖದ ಮೇಲೆ ನಿಲ್ಲುತ್ತದೆ, ನಕಲು ಮಾಡುವವರು ಅತಿ ಹೆಚ್ಚು ಶ್ರಮ ಹಾಕುವುದೂ ಮುಖದ ಮೇಲೆಯೇ. ನಿರ್ಣಯವಾಗಬೇಕಾದದ್ದು ತಳದಲ್ಲಿ, ಒಳಮೈಯಲ್ಲಿ, ಮುಚ್ಚಳ ಕೂರುವ ಅಂಚಿನಲ್ಲಿ. ಯಾರೂ ಹೇಳಿಕೊಡದೆಯೇ ನೀವು ಆ ಜಾಗಗಳನ್ನು ನೋಡಿದ್ದೀರಿ, ಸಂಗ್ರಾಹಕರಾಗಲು ಇದಕ್ಕಿಂತ ಒಳ್ಳೆಯ ಲಕ್ಷಣ ಬೇರಿಲ್ಲ.

ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಚೆಲ್ಸಿಯಲ್ಲಿ 1744-45ರ ಸುಮಾರಿಗೆ ಪಿಂಗಾಣಿ ತಯಾರಿಕೆ ಆರಂಭವಾಯಿತು. ಅದನ್ನು ನಡೆಸಿದ ನಿಕೊಲಾ ಸ್ಪ್ರಿಮಾಂ ಲಿಯೇಜ್ ಪಟ್ಟಣದಿಂದ ಬಂದ ಬೆಳ್ಳಿ ಕೆಲಸಗಾರ. ಕಾರ್ಖಾನೆಯ ಗುರುತುಗಳು ಕಾಲಕ್ಕೆ ತಕ್ಕಂತೆ ಬದಲಾದವು: ಆರಂಭದಲ್ಲಿ ಹಸಿ ಮಣ್ಣಿನಲ್ಲಿ ಕೊರೆದ ತ್ರಿಕೋನ, 1749ರಿಂದ 1752ರವರೆಗೆ ಉಬ್ಬು ಲಂಗರು, 1752ರಿಂದ 1756ರ ಸುಮಾರಿನವರೆಗೆ ಕೆಂಪು ಲಂಗರು, ಆಮೇಲೆ 1769ರವರೆಗೆ ಚಿನ್ನದ ಲಂಗರು. 1770ರಲ್ಲಿ ಕಾರ್ಖಾನೆ ಡರ್ಬಿಯ ವಿಲಿಯಂ ಡ್ಯೂಸ್‌ಬರಿಯವರ ಕೈಸೇರಿತು. ಅಂಚಿನ ವರ್ಷಗಳ ಬಗ್ಗೆ ವಿದ್ವಾಂಸರಲ್ಲಿ ಒಂದೆರಡು ವರ್ಷಗಳ ವ್ಯತ್ಯಾಸವಿದ್ದರೂ ಈ ಕ್ರಮದ ಬಗ್ಗೆ ತಕರಾರಿಲ್ಲ.

ಈಗ ನಿಮ್ಮ ಮೊಲಕ್ಕೆ ಬರೋಣ. ಚೆಲ್ಸಿಯವರು ಮೊಲದ ಆಕಾರದ ಪಾತ್ರೆಗಳನ್ನು ಮಾಡಿದ್ದು ನಿಜ, ಅವು ಆ ಕಾರ್ಖಾನೆಯ ಅತ್ಯಂತ ಹೆಸರಾದ ಕೃತಿಗಳ ಸಾಲಿಗೆ ಸೇರುತ್ತವೆ. ಆದರೆ ಅವು ಕರಡಿಗೆಗಳಲ್ಲ, ಟ್ಯೂರೀನ್‌ಗಳು. ಎಂದರೆ ಊಟದ ಮೇಜಿನ ನಡುವೆ ಬಿಸಿ ಪದಾರ್ಥ ತುಂಬಿ ಇಡುವ, ಮುಚ್ಚಳವಿರುವ ದೊಡ್ಡ ಬೋಗುಣಿಗಳು. 1755ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಹೇಮಾರ್ಕೆಟ್‌ನಲ್ಲಿ ಚೆಲ್ಸಿ ಕಾರ್ಖಾನೆಯ ಸರಕಿನ ಹರಾಜು ಹದಿನಾರು ದಿನಗಳ ಕಾಲ ನಡೆಯಿತು. ಅದರ ಮುದ್ರಿತ ಪಟ್ಟಿ ಇಂದಿಗೂ ಉಳಿದಿದೆ. ಅದರಲ್ಲಿ ಮೊಲದ ಟ್ಯೂರೀನನ್ನು ‘ಜೀವಗಾತ್ರದ್ದು’ ಎಂದೇ ವರ್ಣಿಸಲಾಗಿದೆ. ಮರಿಗಳೊಡನೆ ಕುಳಿತ ಹೇಂಟೆಯ ಟ್ಯೂರೀನ್ ಕೂಡ ಜೀವಗಾತ್ರದ್ದು, ಸೂರ್ಯಕಾಂತಿ ಹೂಗಳಿಂದ ಅಲಂಕೃತವಾದ ತಟ್ಟೆಯ ಮೇಲೆ ಕೂರಿಸಿದ್ದು. ಇವುಗಳ ಉದ್ದ ಒಂದಡಿಗಿಂತ ಹೆಚ್ಚು. 14 ಸೆಂಟಿಮೀಟರ್‌ನ ಮೊಲ ಆ ಕುಟುಂಬಕ್ಕೆ ಸೇರುವುದಿಲ್ಲ.

ಗಾತ್ರದಷ್ಟೇ ಗಟ್ಟಿ ಸಾಕ್ಷಿ ಲಂಗರಿನ ಬಣ್ಣ. ಪ್ರಾಣಿರೂಪದ ಟ್ಯೂರೀನ್‌ಗಳ ಕಾಲ 1755ರ ಆಸುಪಾಸು, ಅಂದರೆ ಕೆಂಪು ಲಂಗರಿನ ಕಾಲ. ಅಸಲಿ ಮೊಲದ ಮೇಲೆ ಕೆಂಪು ಬಣ್ಣದ ಪುಟ್ಟ ಲಂಗರು ಇರುತ್ತದೆ. ಪಕ್ಕದಲ್ಲಿ ಒಂದು ಅಂಕಿಯೂ ಇರುವುದುಂಟು, ಅದೇ ಅಂಕಿ ಮುಚ್ಚಳದ ಒಳಗೂ ಇರುತ್ತದೆ. ಇದು ಕಾರ್ಖಾನೆಯವರು ಯಾವ ಮುಚ್ಚಳ ಯಾವ ತಳಕ್ಕೆ ಎಂದು ಮರೆಯದಿರಲು ಹಾಕಿಕೊಂಡ ಗುರುತು. ಮೊಲಕ್ಕೆ ಚಿನ್ನದ ಲಂಗರು ಹಾಕಿದವರಿಗೆ ಚೆಲ್ಸಿಯ ಚರಿತ್ರೆ ತಿಳಿದಿರಲಿಲ್ಲ, ಅಥವಾ ಚಿನ್ನದ ಗುರುತಿಗೆ ಕೊಳ್ಳುವವರು ಬೇಗ ಮರುಳಾಗುತ್ತಾರೆಂಬುದು ಚೆನ್ನಾಗಿ ತಿಳಿದಿತ್ತು. ಇನ್ನು ಅಳತೆ: ಅಸಲಿ ಲಂಗರು ಕೆಂಪಾಗಲಿ ಚಿನ್ನವಾಗಲಿ, ಸಾಮಾನ್ಯವಾಗಿ ಆರು ಮಿಲಿಮೀಟರ್ ದಾಟುವುದಿಲ್ಲ, ಎಷ್ಟೋ ಸಲ ಹುಡುಕಬೇಕಾಗುತ್ತದೆ, ಹೂವಿನ ಮರೆಯಲ್ಲೋ ಪೀಠದ ಹಿಂಬದಿಯಲ್ಲೋ ಇರುತ್ತದೆ. ಉಗುರಿನಷ್ಟು ದೊಡ್ಡ ಲಂಗರು ತಳದ ನಟ್ಟನಡುವೆ ಕಂಡರೆ ಅದನ್ನು ಅನುಮಾನದ ಗುರುತೆಂದೇ ಓದಬೇಕು. ಯೂರೋಪಿನ ಪಿಂಗಾಣಿಯಲ್ಲಿ ಅತಿ ಹೆಚ್ಚು ನಕಲಾದ ಗುರುತುಗಳಲ್ಲಿ ಚೆಲ್ಸಿಯ ಚಿನ್ನದ ಲಂಗರು ಒಂದು.

ಮೂರನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಒಡೆದ ಅಂಚು. ಪಿಂಗಾಣಿಯಲ್ಲಿ ಎರಡು ದೊಡ್ಡ ಜಾತಿಗಳಿವೆ. ಚೀನಾದಲ್ಲಿ ಹುಟ್ಟಿ, 1710ರ ಸುಮಾರಿಗೆ ಜರ್ಮನಿಯಲ್ಲಿ ಯೂರೋಪಿನವರ ಕೈಗೆ ದಕ್ಕಿ, ಮೈಸೆನ್‌ನಲ್ಲಿ ತಯಾರಾಗತೊಡಗಿದ ಹಾರ್ಡ್ ಪೇಸ್ಟ್ ಒಂದು. ಬಿಳಿ ಕಯೋಲಿನ್ ಮಣ್ಣನ್ನು ಕರಗುವ ಗುಣದ ಕಲ್ಲಿನ ಪುಡಿಯೊಡನೆ ಬೆರೆಸಿ 1300 ಡಿಗ್ರಿಗೂ ಮೇಲಿನ ಉರಿಯಲ್ಲಿ ಸುಟ್ಟದ್ದು. ಆ ಗುಟ್ಟು ತಿಳಿಯದ ಇಂಗ್ಲಿಷ್ ಕಾರ್ಖಾನೆಗಳು ಗಾಜಿನ ಪುಡಿ, ಮೂಳೆಯ ಬೂದಿ, ಬಳಪದ ಕಲ್ಲು ಮೊದಲಾದವನ್ನು ಮಣ್ಣಿಗೆ ಬೆರೆಸಿ, ಇನ್ನೂ ಕಡಿಮೆ ಉರಿಯಲ್ಲಿ ಸುಟ್ಟು ಪಡೆದದ್ದು ಸಾಫ್ಟ್ ಪೇಸ್ಟ್. ಹಾರ್ಡ್ ಪೇಸ್ಟ್ ಒಡೆದರೆ ಒಳಮೈ ಗಾಜಿನ ಚಕ್ಕೆಯಂತೆ ನುಣುಪಾಗಿ ಹೊಳೆಯುತ್ತದೆ. ಮೈಯಾವುದು, ಮೆರುಗು (ಮೇಲಿನ ಗಾಜಿನಂಥ ಲೇಪ) ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಸಾಫ್ಟ್ ಪೇಸ್ಟ್ ಒಡೆದ ಜಾಗ ಕಲ್ಲುಸಕ್ಕರೆಯ ಹರಳು ಮುರಿದಂತೆ ಕಣಕಣವಾಗಿ, ಮಂಕಾಗಿ ಕಾಣುತ್ತದೆ. ವರ್ಷಗಳ ಕೊಳೆ ಅಲ್ಲಿ ಇಳಿದು ಕಂದಾಗಿರುತ್ತದೆ. ಚೆಲ್ಸಿಯದೆಲ್ಲವೂ ಸಾಫ್ಟ್ ಪೇಸ್ಟ್. ನಿಮ್ಮದು ಗಾಜಿನಂತೆ ಹೊಳೆಯುತ್ತಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಇಂಗ್ಲೆಂಡಿನಲ್ಲಿ ಹಾರ್ಡ್ ಪೇಸ್ಟ್ ಆಗಲೇ ಇಲ್ಲವೆಂದಲ್ಲ: ವಿಲಿಯಂ ಕುಕ್‌ವರ್ದಿ 1768ರಲ್ಲಿ ಪೇಟೆಂಟ್ ಪಡೆದು ಪ್ಲಿಮತ್‌ನಲ್ಲಿಯೂ ಆನಂತರ ಬ್ರಿಸ್ಟಲ್‌ನಲ್ಲಿಯೂ ತಯಾರಿಸಿದರು. ಆದರೆ ಆ ಉದ್ಯಮ ಹೆಚ್ಚು ಕಾಲ ಬಾಳಲಿಲ್ಲ, ಅದರ ಮೇಲೆ ಲಂಗರು ಹಾಕುವ ಪ್ರಮೇಯವೂ ಇರಲಿಲ್ಲ.

ಬಣ್ಣವನ್ನೂ ಒಮ್ಮೆ ಭೂತಗನ್ನಡಿಯಲ್ಲಿ ನೋಡಿ. ಸಾಫ್ಟ್ ಪೇಸ್ಟ್‌ನ ಮೆದು ಮೆರುಗು ಎರಡನೆಯ ಸಲ ಸುಡುವಾಗ ಸ್ವಲ್ಪ ಕರಗಿ, ಮೇಲೆ ಬಳಿದ ಬಣ್ಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಮೊಲದ ಕಂದು ರೋಮದ ಗೆರೆಗಳು ಮೈಯೊಳಗಿಂದಲೇ ಮೂಡಿದಂತೆ ಮೆತ್ತಗೆ ಕಾಣುತ್ತವೆ. ಹಾರ್ಡ್ ಪೇಸ್ಟ್‌ನಲ್ಲಿ ಬಣ್ಣ ಮೇಲೆಯೇ ನಿಂತಿರುತ್ತದೆ. ಬೆರಳಾಡಿಸಿದರೆ ಉಬ್ಬು ತಟ್ಟುತ್ತದೆ, ಓರೆ ಬೆಳಕಿನಲ್ಲಿ ಬಣ್ಣದ ಅಂಚು ಹರಿತವಾಗಿ ತೋರುತ್ತದೆ. ಕೆಂಪು ಲಂಗರಿನ ಕಾಲದ ಚೆಲ್ಸಿಯ ತೆಳು ಭಾಗಗಳ ಹಿಂದೆ ದೀಪ ಹಿಡಿದರೆ, ಮೈಯೊಳಗೆ ಅಲ್ಲಲ್ಲಿ ಹೆಚ್ಚು ಬೆಳಕು ಬಿಡುವ ದುಂಡು ಚುಕ್ಕೆಗಳು ಕಾಣುತ್ತವೆ. ಮಣ್ಣಿನಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳ ಫಲ ಇದು. ಸಂಗ್ರಾಹಕರು ಇವನ್ನು ಚಂದ್ರ ಎಂದು ಕರೆಯುತ್ತಾರೆ. ಮೊಬೈಲ್ ಫೋನಿನ ಟಾರ್ಚ್ ಈ ಕೆಲಸಕ್ಕೆ ಧಾರಾಳ ಸಾಕು. ತಳದಲ್ಲಿ ಮೂರು ಸಣ್ಣ ಒರಟು ಚುಕ್ಕೆಗಳಿವೆಯೇ ಎಂಬುದನ್ನೂ ನೋಡಬೇಕು. ಆವಿಗೆಯಲ್ಲಿ ಪಾತ್ರೆ ಅಂಟಿಕೊಳ್ಳದಂತೆ ಮೊಳೆಗಳ ಮೇಲೆ ನಿಲ್ಲಿಸಿದ್ದರ ಕುರುಹು ಅದು.

ಹಾಗಾದರೆ ನಿಮ್ಮ ಮೊಲ ಎಲ್ಲಿಯದು? ಹೆಚ್ಚಿನ ಸಂಭವವೆಂದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧ ಅಥವಾ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸ್ ಅಥವಾ ಜರ್ಮನಿಯಲ್ಲಿ ತಯಾರಾದದ್ದು. ಇಲ್ಲಿ ಪ್ಯಾರಿಸ್ಸಿನ ಸ್ಯಾಮ್ಸನ್ ಕಾರ್ಖಾನೆಯ ಹೆಸರು ಹೇಳಲೇಬೇಕು. 1845ರಲ್ಲಿ ಎಡ್ಮೆ ಸ್ಯಾಮ್ಸನ್ ಸ್ಥಾಪಿಸಿದ ಈ ಸಂಸ್ಥೆ ಚೆಲ್ಸಿ, ಮೈಸೆನ್, ಡರ್ಬಿ, ಚೀನಾ ಹೀಗೆ ಎಲ್ಲ ಹೆಸರಾಂತ ಪಿಂಗಾಣಿಗಳ ಪ್ರತಿಕೃತಿಗಳನ್ನು ಶತಮಾನಕ್ಕೂ ಮಿಕ್ಕು ಕಾಲ ತಯಾರಿಸಿತು. ಅಸಲಿ ವಸ್ತುವಿನಿಂದಲೇ ಅಚ್ಚು ತೆಗೆಯುವುದು ಪ್ರತಿಕೃತಿಕಾರರ ಸಾಮಾನ್ಯ ಪದ್ಧತಿ. ಹಸಿ ಪಿಂಗಾಣಿ ಒಣಗಿ ಸುಡುವಷ್ಟರಲ್ಲಿ ಹತ್ತರಲ್ಲೊಂದು ಪಾಲಿನಷ್ಟಾದರೂ ಕುಗ್ಗುವುದರಿಂದ, ಹೀಗೆ ತೆಗೆದ ಪ್ರತಿ ಅಸಲಿಗಿಂತ ಚಿಕ್ಕದಾಗುತ್ತದೆ, ರೆಕ್ಕೆ ರೋಮಗಳ ಗೆರೆಗಳು ಮೊಂಡಾಗುತ್ತವೆ. ಆದ್ದರಿಂದ ಮ್ಯೂಸಿಯಂಗಳು ಪ್ರಕಟಿಸಿರುವ ಅಳತೆಗಳನ್ನು ಗುರುತು ಹಾಕಿಕೊಂಡು, ಕೊಳ್ಳುವ ಮೊದಲು ಅಳತೆಪಟ್ಟಿ ಹಿಡಿಯುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮದು ಇಂಥದೇ ಕಾರ್ಖಾನೆಯದು ಎಂದು ಪತ್ರದ ಆಧಾರದ ಮೇಲೆ ಹೇಳುವುದು ನ್ಯಾಯವಲ್ಲ. ನೂರು ವರ್ಷ ದಾಟಿದ ಒಳ್ಳೆಯ ಪ್ರತಿಕೃತಿಗೂ ಅದರದೇ ಅಂದ, ಅದರದೇ ಬೆಲೆ ಇದೆ. ನಿಮಗೆ ಇಷ್ಟವಾಗಿದ್ದರೆ ಇಟ್ಟುಕೊಳ್ಳಿ. ಆದರೆ ಮಾರಾಟದ ರಸೀದಿಯಲ್ಲಿ ‘ಚೆಲ್ಸಿ, ಹದಿನೆಂಟನೆಯ ಶತಮಾನ’ ಎಂದು ಬರೆದುಕೊಟ್ಟಿದ್ದರೆ, ಹಣ ಹಿಂತಿರುಗಿಸುವಂತೆ ಕೇಳುವ ಹಕ್ಕು ನಿಮಗಿದೆ, ಸಂಕೋಚಪಡಬೇಕಾಗಿಲ್ಲ. ಬಾಯಿಮಾತಿನಲ್ಲಷ್ಟೇ ಹೇಳಿದ್ದರೆ ಅದನ್ನು ಸಾಧಿಸುವುದು ಕಷ್ಟ. ಇನ್ನು ಮುಂದೆ ವಸ್ತು, ಕಾರ್ಖಾನೆ, ಕಾಲ, ದುರಸ್ತಿಯ ವಿವರ ಇಷ್ಟನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ.

ನಿಜವಾದ ಇಂಗ್ಲಿಷ್ ಪ್ರಾಣಿ ಪಾತ್ರೆಗಳ ಲೋಕ ಚೆಲ್ಸಿಗಿಂತ ವಿಶಾಲವಾದದ್ದು. ಲಂಡನ್ನಿನ ಪೂರ್ವಕ್ಕಿದ್ದ ಬೋ ಕಾರ್ಖಾನೆ, 1751ರಲ್ಲಿ ಡಾ. ಜಾನ್ ವಾಲ್ ಮತ್ತು ಪಾಲುದಾರರು ಆರಂಭಿಸಿದ ವೂಸ್ಟರ್ ಕಾರ್ಖಾನೆ, ಡರ್ಬಿ ಎಲ್ಲವೂ 1750-60ರ ದಶಕಗಳಲ್ಲಿ ಗೌಜಲಕ್ಕಿ ಗೂಡಿನಲ್ಲಿ ಕಾವು ಕುಳಿತಿರುವ ಚಿಕ್ಕ ಟ್ಯೂರೀನ್‌ಗಳನ್ನು ಮಾಡಿದವು. ಇವು ಅಂಗೈ ಮೇಲೆ ಕೂರುವಷ್ಟು ದೊಡ್ಡವು, ಕರಡಿಗೆ ಎಂಬ ಮಾತಿಗೆ ಹೆಚ್ಚು ಹತ್ತಿರ. ತಳಭಾಗ ಬುಟ್ಟಿಯ ಹೆಣಿಗೆ. ಅದರ ಅಂಚಿಗೆ ಉದುರಿದ ಗರಿಗಳು, ತೆನೆಯ ಚೂರುಗಳು ಅಂಟಿಕೊಂಡಿರುತ್ತವೆ, ಪ್ರತಿಯೊಂದನ್ನೂ ಕೈಯಲ್ಲೇ ಮಾಡಿ ಹಚ್ಚಿದ್ದು. ಎರಡು ಅಸಲಿ ಪಾತ್ರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗರಿಗಳ ಜಾಗ ಒಂದೇ ತೆರನಾಗಿರುವುದಿಲ್ಲ. ಹಕ್ಕಿಯ ಕುತ್ತಿಗೆಯ ಬಳಿ ಗರಿ ಗರಿಯನ್ನೂ ಬಿಡಿಸಿ ಬರೆದ ಬಣ್ಣಗಾರನ ಕುಂಚ ಬೆನ್ನಿಗೆ ಬರುವ ಹೊತ್ತಿಗೆ ಸಡಿಲಗೊಂಡಿರುವುದನ್ನು ನೋಡುವುದೇ ಒಂದು ಸುಖ. ಇಂಗ್ಲಿಷ್ ಪಿಂಗಾಣಿಯ ಪ್ರಾಣಿಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಈ ಗೌಜಲಕ್ಕಿಯೇ. ದೊಡ್ಡ ಮೊಲ, ಹೇಂಟೆ, ಹಂಸಗಳು ಶ್ರೀಮಂತರ ಮೇಜಿನ ಮೇಲೆ ಬೆರಗು ಹುಟ್ಟಿಸಲೆಂದೇ ಹುಟ್ಟಿದವು, ಗೌಜಲಕ್ಕಿಯಲ್ಲಿ ಮಾಡಿದವನ ಮಮತೆ ಕಾಣುತ್ತದೆ.

ಈ ಮೂರು ನಾಲ್ಕು ಕಾರ್ಖಾನೆಗಳ ಗೌಜಲಕ್ಕಿಗಳನ್ನು ಬೇರ್ಪಡಿಸುವುದು ಮತ್ತೆ ಮಣ್ಣಿನ ಲಕ್ಷಣದಿಂದಲೇ. ಬೋದವರು ಮೂಳೆಯ ಬೂದಿ ಬಳಸಿದರು; ಕೈಗೆತ್ತಿಕೊಂಡರೆ ಎಣಿಸಿದ್ದಕ್ಕಿಂತ ಭಾರ. ವೂಸ್ಟರ್‌ನವರು ಕಾರ್ನ್‌ವಾಲ್‌ನಿಂದ ತರಿಸಿದ ಬಳಪದ ಕಲ್ಲನ್ನು ಬೆರೆಸಿದರು. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಕಡೆದ ಮೆದು ಕಲ್ಲಿನ ಜಾತಿಯದೇ ಅದು; ಪುಡಿಯಾಗಿ ಮಣ್ಣಿಗೆ ಸೇರಿದಾಗ ಪಾತ್ರೆಗೆ ಬಿಸಿನೀರು ಸುರಿದರೂ ಸೀಳದ ಗಟ್ಟಿತನ ಕೊಟ್ಟಿತು, ದೀಪ ಹಿಡಿದರೆ ತೆಳು ಹಸಿರು ಛಾಯೆ ತೋರುತ್ತದೆ. ಡರ್ಬಿಯ ವಸ್ತುಗಳ ತಳದಲ್ಲಿ ಆವಿಗೆಯೊಳಗಿನ ಮಣ್ಣಿನ ಉಂಡೆಗಳ ಮೇಲೆ ಕೂತಿದ್ದರ ಮಸಕು ಮಚ್ಚೆಗಳಿರುತ್ತವೆ. ಇವುಗಳಲ್ಲಿ ಎಷ್ಟೋ ವಸ್ತುಗಳಿಗೆ ಯಾವ ಗುರುತೂ ಇಲ್ಲ. ಗುರುತಿಲ್ಲದಿರುವುದು ದೋಷವಲ್ಲವೆಂಬುದನ್ನು ಹೊಸ ಸಂಗ್ರಾಹಕರು ಎಷ್ಟು ಬೇಗ ಒಪ್ಪಿಕೊಳ್ಳುತ್ತಾರೋ ಅಷ್ಟು ಬೇಗ ಅವರ ಕಣ್ಣು ಹದಗೊಳ್ಳುತ್ತದೆ.

ಇನ್ನು ನಿಜಾರ್ಥದ ಕರಡಿಗೆಗಳು, ಅಂದರೆ ಜೇಬಿನಲ್ಲೋ ಕೈಚೀಲದಲ್ಲೋ ಇಟ್ಟುಕೊಂಡು ಬಾಯಿವಾಸನೆಗೆ ಮಿಠಾಯಿ ತುಣುಕು ತುಂಬಿಸಿಕೊಳ್ಳುತ್ತಿದ್ದ ಬಾನ್‌ಬಾನಿಯೇರ್‌ಗಳು. ಚೆಲ್ಸಿಯವರೂ ಇವನ್ನು ಮಾಡಿದರು. ಇದಲ್ಲದೆ ಚೆಲ್ಸಿಯ ಆರಂಭದ ದಿನಗಳಲ್ಲಿ ಪಾಲುದಾರರಾಗಿದ್ದ ಒಡವೆ ವ್ಯಾಪಾರಿ ಚಾರ್ಲ್ಸ್ ಗೂಯಿನ್ ಅಲ್ಲಿಂದ ಬೇರೆಯಾಗಿ, ಲಂಡನ್ನಿನ ಸೇಂಟ್ ಜೇಮ್ಸ್ ಬಡಾವಣೆಯಲ್ಲಿ 1750ರ ದಶಕದಲ್ಲಿ ಇಂಥ ಪುಟ್ಟ ಅತ್ತರಿನ ಸೀಸೆ, ಕರಡಿಗೆಗಳನ್ನು ತಯಾರಿಸಿದರು. ಆ ಕಾರ್ಖಾನೆ ಯಾರದೆಂದು ಗೊತ್ತಾಗುವ ಮುನ್ನ, ಅಲ್ಲಿನ ಒಂದು ಗೊಂಬೆಯ ಆಧಾರದ ಮೇಲೆ ಅದಕ್ಕೆ ‘ಉಯ್ಯಾಲೆಯ ಹುಡುಗಿ’ ಕಾರ್ಖಾನೆ ಎಂಬ ಹೆಸರು ಬಿದ್ದಿತ್ತು. ಇಂದಿಗೂ ಹರಾಜು ಪಟ್ಟಿಗಳಲ್ಲಿ ಆ ಹೆಸರು ಕಾಣುತ್ತದೆ. ಈ ಕರಡಿಗೆಗಳ ರಚನೆ ತಿಳಿಯದಿದ್ದರೆ ಗೊಂದಲವಾಗುತ್ತದೆ: ಪ್ರಾಣಿಯ ಮೈಯೇ ಟೊಳ್ಳಾದ ಪಾತ್ರೆ, ತೆರೆಯುವುದು ಕೆಳಗಿನಿಂದ. ತಲೆಕೆಳಗು ಮಾಡಿದಾಗ ತಳದಲ್ಲಿ ಚಿನ್ನದ ಅಥವಾ ಚಿನ್ನದ ನೀರು ಕೊಟ್ಟ ಲೋಹದ ಪಟ್ಟಿ, ಅದಕ್ಕೊಂದು ಕೀಲು, ಆ ಕೀಲಿನ ಮೇಲೆ ಮುಚ್ಚಳ. ಮುಚ್ಚಳ ಪಿಂಗಾಣಿಯದಾಗಿರಬೇಕೆಂದಿಲ್ಲ; ತಾಮ್ರದ ಹಾಳೆಗೆ ಎನಾಮೆಲ್ (ಗಾಜಿನ ಪುಡಿಯನ್ನು ಸುಟ್ಟು ಕರಗಿಸಿದ ಲೇಪ) ಕೂರಿಸಿ ಹೂ ಬರೆದದ್ದೋ, ಅಗೇಟ್ ಮುಂತಾದ ಕಲ್ಲಿನದೋ ಆಗಿರಬಹುದು. ಮುಚ್ಚಳ ಬೇರೆ ವಸ್ತುವಿನದೆಂದು ಕಂಡು ‘ಬದಲಾಯಿಸಿದ್ದಾರೆ’ ಎಂದು ತಿರಸ್ಕರಿಸಬೇಡಿ.

ನೀವು ಬರ್ಮಿಂಗ್‌ಹ್ಯಾಮ್‌ನಲ್ಲಿರುವುದರಿಂದ ಇನ್ನೊಂದು ಜಾತಿಯ ಬಗ್ಗೆ ಹೇಳುವುದು ಅಗತ್ಯ, ಏಕೆಂದರೆ ಅದರ ತವರು ನಿಮ್ಮ ಊರಿನ ಮಗ್ಗುಲಲ್ಲಿದೆ. 1760-80ರ ನಡುವೆ ದಕ್ಷಿಣ ಸ್ಟಾಫರ್ಡ್‌ಶೈರ್‌ನ ಬಿಲ್‌ಸ್ಟನ್ ಮತ್ತು ಅದರ ಸುತ್ತಿನ ಊರುಗಳಲ್ಲಿ ತೆಳು ತಾಮ್ರವನ್ನು ಅಚ್ಚಿನಲ್ಲಿ ಒತ್ತಿ, ಮೇಲೆ ಬಿಳಿ ಎನಾಮೆಲ್ ಸುಟ್ಟು, ಹಕ್ಕಿ, ಪಗ್ ನಾಯಿ, ಟಗರು, ಮೊಲ, ಕಾಡುಹಂದಿಯ ತಲೆ ಮೊದಲಾದ ಆಕಾರದ ಕರಡಿಗೆಗಳನ್ನು ಮಾಡಿದರು. ದೂರದಿಂದ ನೋಡಿದರೆ ಪಿಂಗಾಣಿಯೆಂದೇ ಅನ್ನಿಸುತ್ತದೆ, ಸಂತೆಗಳಲ್ಲಿ ಹಾಗೆಂದೇ ಮಾರುವವರೂ ಇದ್ದಾರೆ. ಕೈಗೆತ್ತಿಕೊಂಡರೆ ಹಗುರ, ಚಕ್ಕೆ ಎದ್ದಲ್ಲಿ ಕಪ್ಪಾದ ತಾಮ್ರ ಇಣುಕುತ್ತದೆ. ಇವನ್ನು ಬಹುಕಾಲ ಬ್ಯಾಟರ್ಸಿ ಎನಾಮೆಲ್ ಎಂದು ಕರೆಯುವುದು ರೂಢಿಯಾಗಿತ್ತು. ಆದರೆ ಲಂಡನ್ನಿನ ಬ್ಯಾಟರ್ಸಿಯಲ್ಲಿ ಆ ಕಾರ್ಖಾನೆ ನಡೆದದ್ದು 1753ರಿಂದ 1756ರವರೆಗೆ ಮಾತ್ರ. ಪ್ರಾಣಿ ಕರಡಿಗೆಗೆ ಬ್ಯಾಟರ್ಸಿ ಎಂಬ ಚೀಟಿ ಅಂಟಿಸಿದ್ದರೆ ಚೀಟಿಯನ್ನು ನಂಬದೆ ವಸ್ತುವನ್ನು ನೋಡಿ. ಸ್ಯಾಮ್ಸನ್ ಇವನ್ನೂ ನಕಲು ಮಾಡಿದೆ. ಬಿಲ್‌ಸ್ಟನ್‌ನ ಕಲೆಯನ್ನು ಹ್ಯಾಲ್ಸಿಯನ್ ಡೇಸ್ ಸಂಸ್ಥೆ 1970ರಲ್ಲಿ ಪುನರುಜ್ಜೀವನಗೊಳಿಸಿತು. ಅದರ ಕರಡಿಗೆಗಳು ತಮ್ಮ ಹೆಸರನ್ನು ಹೊತ್ತು ಪ್ರಾಮಾಣಿಕವಾಗಿ ಬರುತ್ತವೆ. ವುಲ್ವರ್‌ಹ್ಯಾಂಪ್ಟನ್ ಕಲಾ ಮ್ಯೂಸಿಯಂನಲ್ಲಿ ಹದಿನೆಂಟನೆಯ ಶತಮಾನದ ಈ ಎನಾಮೆಲ್‌ಗಳ ಒಳ್ಳೆಯ ಸಂಗ್ರಹವಿದೆ.

ಇಂಗ್ಲಿಷ್ ಎಂದು ಮಾರಾಟವಾಗುವ ಮತ್ತೆ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಮುಚ್ಚಳದ ಮೇಲೆ ಬೆಕ್ಕೋ ನಾಯಿಯೋ ಕುಳಿತಿರುವ, ವಿಕ್ಟೋರಿಯಾ ಕಾಲದ ಜಾತ್ರೆಗಳಲ್ಲಿ ಮಾರುತ್ತಿದ್ದ ಹಾರ್ಡ್ ಪೇಸ್ಟ್ ಡಬ್ಬಿಗಳು ಬಹುಪಾಲು ಜರ್ಮನಿಯ ಪೋಸ್ನೆಕ್ ಪಟ್ಟಣದ ಕೊಂಟಾ ಆಂಡ್ ಬೋಮೆ ಕಾರ್ಖಾನೆಯವು. ಗುರಾಣಿಯೊಳಗೆ ಕಠಾರಿ ಹಿಡಿದ ಬಾಗಿದ ತೋಳು ಅದರ ಗುರುತು. ಕೆಲವದರಲ್ಲಿ ಬೆಂಕಿಕಡ್ಡಿ ಗೀರಲು ಒರಟು ಗೆರೆಗಳ ಪಟ್ಟಿಯೂ ಇರುತ್ತದೆ. ಹಿತ್ತಾಳೆಯ ಕೀಲು, ಎಲೆಯೋ ಹಣ್ಣೋ ಆಕಾರದ ಕೊಂಡಿ ಇರುವ ಚಿಕ್ಕ ಪ್ರಾಣಿ ಡಬ್ಬಿಗಳು ಸಾಮಾನ್ಯವಾಗಿ ಫ್ರಾನ್ಸಿನ ಲಿಮೋಜ್‌ನವು, ಅವುಗಳಲ್ಲಿ ಹೆಚ್ಚಿನವು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದವು. ರಾಯಲ್ ಕ್ರೌನ್ ಡರ್ಬಿ 1981ರಿಂದ ತಯಾರಿಸಿದ ಪ್ರಾಣಿಗಳು ಕರಡಿಗೆಗಳಲ್ಲ, ಕಾಗದದ ಮೇಲಿಡುವ ತೂಕಗಳು. ಅಡಿಯಲ್ಲಿ ಬಿರಡೆ ಕಂಡು ಮೋಸಹೋಗಬೇಡಿ. ಇನ್ನೊಂದು ನಿಯಮವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು: ಅಮೆರಿಕದ 1890ರ ಸುಂಕ ಕಾಯ್ದೆ ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿತು. ಆದ್ದರಿಂದ ತಳದಲ್ಲಿ ‘ಇಂಗ್ಲೆಂಡ್’ ಎಂದು ಮುದ್ರೆಯಿದ್ದರೆ ವಸ್ತು ಬಹುತೇಕ 1891ರ ಈಚಿನದು, ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಇಪ್ಪತ್ತನೆಯ ಶತಮಾನದ್ದು.

ಕರಡಿಗೆ ಯಾವುದೇ ಇರಲಿ, ನಾನು ಮೊದಲು ಮಾಡುವ ಕೆಲಸ ಮುಚ್ಚಳವನ್ನು ತೆಗೆದು ತಳದ ಪಕ್ಕದಲ್ಲಿ ಇಡುವುದು. ಎರಡರ ಬಿಳುಪು ಒಂದೇ ಆಗಿದೆಯೇ, ಮೆರುಗಿನ ಛಾಯೆ ಒಂದೇ ಆಗಿದೆಯೇ ಎಂದು ಕಿಟಕಿಯ ಬೆಳಕಿನಲ್ಲಿ ನೋಡುತ್ತೇನೆ. ನಂತರ ಮುಚ್ಚಳವನ್ನು ಮರಳಿ ಕೂರಿಸಿ ಮೆಲ್ಲಗೆ ತಿರುಗಿಸಿದರೆ ಒಂದೇ ಒಂದು ನೆಲೆಯಲ್ಲಿ ಅದು ಅಲುಗಾಡದೆ ಕೂರಬೇಕು. ಒಂದೇ ಆವಿಗೆಯಲ್ಲಿ ಒಟ್ಟಿಗೆ ಬೆಂದ ಮುಚ್ಚಳ ಮತ್ತು ತಳ ಸೊಟ್ಟಗಾಗಿದ್ದರೂ ಒಂದೇ ರೀತಿಯಲ್ಲಿ ಸೊಟ್ಟಗಾಗಿರುತ್ತವೆ. ಬಣ್ಣದ ಗೆರೆ ಮುಚ್ಚಳದಿಂದ ತಳಕ್ಕೆ ಮುರಿಯದೆ ಹರಿಯಬೇಕು: ಗರಿಯ ಅರ್ಧ ಮೇಲೂ ಅರ್ಧ ಕೆಳಗೂ ಇರುವಲ್ಲಿ ಬಣ್ಣಗಾರನ ಕೈ ಒಂದೇ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಎರಡು ಬೇರೆ ಪಾತ್ರೆಗಳ ತುಂಡುಗಳನ್ನು ಜೋಡಿಸಿ ಮಾರುವುದು ಈ ವ್ಯಾಪಾರದಲ್ಲಿ ಸಾಮಾನ್ಯ, ಬೆಲೆಯಲ್ಲಿ ಅದು ದೊಡ್ಡ ವ್ಯತ್ಯಾಸ ತರುತ್ತದೆ.

ಪ್ರಾಣಿಗಳಲ್ಲಿ ಕಿವಿ, ಕೊಕ್ಕು, ಬಾಲ, ಹೇಂಟೆಯ ಸುತ್ತಲಿನ ಮರಿಗಳ ತಲೆ ಇವೇ ಮೊದಲು ಮುರಿಯುವ ಭಾಗಗಳು. ಇನ್ನೂರೈವತ್ತು ವರ್ಷ ದಾಟಿದ ಮೊಲದ ಎರಡೂ ಕಿವಿ ಸ್ವಲ್ಪವೂ ಮುಕ್ಕಾಗದೆ ಉಳಿದಿದೆಯೆಂದರೆ ಸಂತೋಷಪಡುವ ಮೊದಲು ಪರೀಕ್ಷಿಸಬೇಕು. ಕತ್ತಲ ಕೋಣೆಯಲ್ಲಿ ಅತಿನೇರಳೆ ಟಾರ್ಚ್ ಹಿಡಿದರೆ ದುರಸ್ತಿಯ ಅಂಟು, ಬಣ್ಣಗಳು ಸಾಮಾನ್ಯವಾಗಿ ಉಳಿದ ಮೈಗಿಂತ ಬೇರೆಯಾಗಿ ಹೊಳೆಯುತ್ತವೆ. ದುರಸ್ತಿಯಾದ ಭಾಗ ತುಟಿಗೆ ತಗುಲಿದಾಗ ಪಿಂಗಾಣಿಯಷ್ಟು ತಣ್ಣಗಿರುವುದಿಲ್ಲ. ಒಪ್ಪವಾಗಿ ದುರಸ್ತಿ ಮಾಡಿ, ಅದನ್ನು ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ಬೆಲೆ ಕೇಳಿದರೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಮುಚ್ಚಿಟ್ಟರೆ ಮಾತ್ರ ತಪ್ಪು.

ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಹಣ ತೆಗೆಯುವ ಮೊದಲು ಕಣ್ಣಿಗೆ ಅಭ್ಯಾಸವಾಗಬೇಕು. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನ ಮೇಲಂತಸ್ತಿನ ಪಿಂಗಾಣಿ ವಿಭಾಗದಲ್ಲಿ ಚೆಲ್ಸಿ, ಬೋ, ವೂಸ್ಟರ್ ಎಲ್ಲವನ್ನೂ ಒಂದೇ ದಿನ ಹೋಲಿಸಿ ನೋಡಬಹುದು. ವೂಸ್ಟರ್ ಮತ್ತು ಡರ್ಬಿಯ ಮ್ಯೂಸಿಯಂಗಳು ನಿಮಗೆ ಇನ್ನೂ ಹತ್ತಿರ. ಊರಿಗೆ ಬಂದಾಗ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಯೂರೋಪಿಯನ್ ಪಿಂಗಾಣಿಯನ್ನು ನೋಡಿ. ಮೈಸೆನ್‌ನ ಹಾರ್ಡ್ ಪೇಸ್ಟ್ ಬಿಳುಪು ಹೇಗಿರುತ್ತದೆಂದು ಒಮ್ಮೆ ಮನಸ್ಸಿನಲ್ಲಿ ಅಚ್ಚೊತ್ತಿದರೆ ಚೆಲ್ಸಿಯ ಕೆನೆಯ ಛಾಯೆ ತಾನಾಗಿ ಬೇರೆಯಾಗಿ ಕಾಣತೊಡಗುತ್ತದೆ. ಆದರೆ ಗಾಜಿನ ಹಿಂದಿನ ವಸ್ತು ಎಷ್ಟು ಕಲಿಸಿದರೂ ಅರ್ಧ. ಉಳಿದರ್ಧವನ್ನು ಹರಾಜುಗಳ ಪೂರ್ವಪ್ರದರ್ಶನದ ದಿನಗಳಲ್ಲಿ ಕಲಿಯಬೇಕು. ಅಲ್ಲಿ ಯಾರು ಬೇಕಾದರೂ ವಸ್ತುವನ್ನು ಕೇಳಿ ಪಡೆದು ಕೈಯಲ್ಲಿ ಹಿಡಿದು ನೋಡಬಹುದು, ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ. 1927ರಲ್ಲಿ ಆರಂಭವಾದ ಇಂಗ್ಲಿಷ್ ಸೆರಾಮಿಕ್ ಸರ್ಕಲ್‌ನಂಥ ಸಂಘಗಳ ಉಪನ್ಯಾಸಗಳಿಗೂ ಹೋಗಿ.

ಮೊದಲ ಖರೀದಿಗೆ ನನ್ನ ಸಲಹೆ ಎರಡು. ಒಂದು, ಕಿವಿಯೋ ಬಾಲವೋ ಮುಕ್ಕಾದ ಆದರೆ ಸಂಶಯಾತೀತವಾಗಿ ಹದಿನೆಂಟನೆಯ ಶತಮಾನದ ಒಂದು ಬಿಲ್‌ಸ್ಟನ್ ಕರಡಿಗೆ ಅಥವಾ ಮುಚ್ಚಳ ಕಳೆದುಹೋದ ಗೌಜಲಕ್ಕಿಯ ತಳ. ಸರಿಯಾದ ವಸ್ತುವಿನ ಒಂದು ಚೂರು ನಿಮ್ಮ ಮನೆಯಲ್ಲಿದ್ದರೆ ಮುಂದಿನ ಪ್ರತಿಯೊಂದನ್ನೂ ಅದರೊಡನೆ ಹೋಲಿಸಬಹುದು. ಎರಡು, ಹತ್ತೊಂಬತ್ತನೆಯ ಶತಮಾನದ ಸ್ಟಾಫರ್ಡ್‌ಶೈರ್‌ನ ಬುಟ್ಟಿಯ ಮೇಲೆ ಕುಳಿತ ಹೇಂಟೆ. ಇದು ಪಿಂಗಾಣಿಯಲ್ಲ, ಬಹುಪಾಲು ಮಣ್ಣಿನ ಪಾತ್ರೆಯೇ; ಬೆಳಗಿನ ಉಪಾಹಾರಕ್ಕೆ ಬೇಯಿಸಿದ ಮೊಟ್ಟೆ ಇಡಲು ಮನೆಮನೆಗಳಲ್ಲಿ ಬಳಸುತ್ತಿದ್ದದ್ದು. ಚೆಲ್ಸಿಯ ಹೇಂಟೆಯ ಬೆಲೆಗೂ ಇದಕ್ಕೂ ಹೋಲಿಕೆಯೇ ಇಲ್ಲ, ಸಾಮಾನ್ಯ ಸಂಬಳದವರು ಕೊಳ್ಳಬಹುದು. ಇದರಲ್ಲೂ ಈಚಿನ ನಕಲುಗಳು ತುಂಬಿವೆ. ತಳದಲ್ಲಿ ವರ್ಷಗಟ್ಟಲೆ ಕಪಾಟಿನ ಮೇಲೆ ಉಜ್ಜಿದ ಅಡ್ಡಾದಿಡ್ಡಿ ಗೀರುಗಳು ಇರಬೇಕು, ಮೆರುಗಿನ ಬಿರುಕುಗಳೊಳಗೆ ಒಂದೇ ಸಮನಾದ ಕಂದುಬಣ್ಣ ತುಂಬಿದ್ದರೆ ಅದು ಬೇಕೆಂದೇ ಬಳಿದದ್ದು. ವರ್ಷಕ್ಕೆ ಐದು ಸಾಧಾರಣ ವಸ್ತು ಕೊಳ್ಳುವ ಹಣದಲ್ಲಿ ಒಂದು ಒಳ್ಳೆಯದನ್ನು ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್ ಮತ್ತು ಅದರ ತೆರಿಗೆ ಬೀಳುತ್ತದೆಂಬುದನ್ನು ಲೆಕ್ಕ ಹಾಕಿಕೊಂಡೇ ಕೈಯೆತ್ತಿ.

ಏಲಕ್ಕಿ, ಕಲ್ಲುಸಕ್ಕರೆಯ ಪ್ರಶ್ನೆಗೆ ಉತ್ತರ, ಬೇಡ ಎಂದು. ಹಳೆಯ ಸಾಫ್ಟ್ ಪೇಸ್ಟ್‌ನ ಮೆರುಗಿನಲ್ಲಿಯೂ 18-19ನೆಯ ಶತಮಾನದ ಎನಾಮೆಲ್ ಬಣ್ಣಗಳಲ್ಲಿಯೂ ಸೀಸ ಇರುವುದು ಸಾಮಾನ್ಯ. ತಿನ್ನುವ ಪದಾರ್ಥಕ್ಕೆ ಅವು ಯೋಗ್ಯವಲ್ಲ. ಪದೇ ಪದೇ ಮುಚ್ಚಿ ತೆರೆದರೆ ಅಂಚಿನ ಚಿನ್ನವೂ ಸವೆಯುತ್ತದೆ. ತೊಳೆಯಬೇಕಾದರೆ ಬೋಗುಣಿಯ ಅಡಿಗೆ ಬಟ್ಟೆ ಹಾಸಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದೇ ಭಾಗವನ್ನು ಮೆದು ಕುಂಚದಿಂದ ತೊಳೆಯಿರಿ. ಲೋಹದ ಪಟ್ಟಿಯಿರುವ ಕರಡಿಗೆಗಳನ್ನೂ ದುರಸ್ತಿಯಾದವನ್ನೂ ನೀರಿಗೆ ಹಾಕಲೇಬೇಡಿ, ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ಯಾವ ಕಾರಣಕ್ಕೂ ಪ್ರಾಣಿಯ ತಲೆ ಹಿಡಿದು ಎತ್ತಬೇಡಿ. ತಲೆ ಬರುವುದು ಮುಚ್ಚಳದೊಡನೆ, ತಳ ನೆಲಕ್ಕೆ. ಮೈಸೂರಿನ ಮಳೆಗಾಲದ ತೇವಕ್ಕೆ ಪಿಂಗಾಣಿ ಅಂಜುವುದಿಲ್ಲ, ಆದರೆ ಚಿನ್ನದ ನೀರಿನ ಅಡಿಯ ತಾಮ್ರ ಕಿಲುಬು ಹಿಡಿಯುತ್ತದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಲಗಳನ್ನಿಟ್ಟು ಆಗಾಗ ಬದಲಿಸಿ.

ಊರಿಗೆ ತರುವಾಗ ಮುಚ್ಚಳ ಮತ್ತು ತಳವನ್ನು ಬೇರೆ ಬೇರೆಯಾಗಿ ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ಟೊಳ್ಳು ಭಾಗಕ್ಕೂ ಅದೇ ಕಾಗದ ತುಂಬಿ, ವಿಮಾನದಲ್ಲಿ ಕೈಚೀಲದೊಡನೆಯೇ ತನ್ನಿ. ಬ್ರಿಟನ್ನಿನಿಂದ ಹೊರಗೆ ಒಯ್ಯುವಾಗ, ಐವತ್ತು ವರ್ಷ ಮೀರಿದ ಕಲಾವಸ್ತುಗಳು ನಿಗದಿತ ಬೆಲೆಯನ್ನು ದಾಟಿದ್ದರೆ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್‌ನಿಂದ ಪರವಾನಗಿ ಬೇಕು. ನಿಮ್ಮ ಮೊಲಕ್ಕೆ ಅದರ ಅಗತ್ಯ ಬೀಳಲಾರದು, ಮುಂದೆ ದೊಡ್ಡ ವಸ್ತು ಕೊಂಡರೆ ನೆನಪಿರಲಿ. ಭಾರತದ ಕಸ್ಟಮ್ಸ್‌ನಲ್ಲಿ ನೂರು ವರ್ಷ ಮೀರಿದ ವಸ್ತುಗಳಿಗೆ ಬೇರೆಯದೇ ಶೀರ್ಷಿಕೆಯಿದೆ, 9706; ವಸ್ತುವಿನ ಕಾಲವನ್ನು ಬರೆದ ರಸೀದಿ ಅಲ್ಲಿ ನಿಮ್ಮ ನೆರವಿಗೆ ಬರುತ್ತದೆ. ಒಮ್ಮೆ ತಂದ ಮೇಲೆ ಮತ್ತೆ ಹೊರದೇಶಕ್ಕೆ ಕಳಿಸುವ ಯೋಚನೆಯಿದ್ದರೆ, 1972ರ ಪುರಾತನ ವಸ್ತುಗಳ ಕಾಯ್ದೆಯನ್ನು ಗಮನಿಸಬೇಕು. ನೂರು ವರ್ಷ ಮೀರಿದ ಕಲಾಕೃತಿಗಳನ್ನು ಖಾಸಗಿಯವರು ರಫ್ತು ಮಾಡುವುದನ್ನು ಅದು ತಡೆಯುತ್ತದೆ, ಅದರ ವ್ಯಾಖ್ಯೆ ವಸ್ತು ಯಾವ ದೇಶದಲ್ಲಿ ತಯಾರಾಯಿತೆಂದು ಭೇದ ಮಾಡುವುದಿಲ್ಲ. ಆದ್ದರಿಂದ ಖರೀದಿಯ ರಸೀದಿ, ಕಸ್ಟಮ್ಸ್ ಕಾಗದ, ನಾಲ್ಕೂ ಕಡೆಯಿಂದ ಮತ್ತು ತಳದಿಂದ ತೆಗೆದ ಫೋಟೋಗಳನ್ನು ಪ್ರತಿ ವಸ್ತುವಿಗೂ ಒಂದೊಂದು ಕಡತದಲ್ಲಿ ಮೊದಲ ದಿನದಿಂದಲೇ ಇಡುತ್ತಾ ಬನ್ನಿ. ನಿಮ್ಮ ಮೊಲದ ಕಡತದಲ್ಲಿ ಚೆಲ್ಸಿ ಎಂಬ ಮಾತನ್ನು ಹೊಡೆದುಹಾಕಿ ‘ಹಾರ್ಡ್ ಪೇಸ್ಟ್, ಬಹುಶಃ ಫ್ರಾನ್ಸ್ ಅಥವಾ ಜರ್ಮನಿ, ಚೆಲ್ಸಿಯ ಮಾದರಿಯಲ್ಲಿ’ ಎಂದು ಬರೆದುಕೊಳ್ಳಿ.